ಹನ್ನೆರಡು ಗ್ರಾಂ

ಗೋಣಿಕೊಪ್ಪದ ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ
ಇಪ್ಪತ್ತೊಂದು ವರ್ಷದಿಂದ ತೂಕ ಬರೆಯುವವಳು ನಾನು.
ಚೀಲ ಹೊತ್ತವನ ಕುತ್ತಿಗೆ ನೋಡಿಯೇ ಹೇಳುತ್ತೇನೆ
ಐವತ್ತೋ, ನಲವತ್ತೊಂಬತ್ತೂವರೆಯೋ.
ಆದರೂ ಅರ್ಧ ಕಿಲೋ ಅಂದರೆ ಎಷ್ಟು ಅಂತ
ತೋರುಬೆರಳಿಗೆ ತಿಳಿದದ್ದು ಈ ವರ್ಷ.

ಪಂದ್ಯದ ದಿನ ಪಿಸ್ತೂಲು ಎತ್ತಿ ಹಿಡಿದು
ಕುದುರೆಗೆ ಐನೂರು ಗ್ರಾಂ ತೂಗುಹಾಕುತ್ತಾರೆ.
ಹೊತ್ತು ನಿಂತರೆ ಸೈ.
ಜಾರಿದರೆ ಬಂದ ಬಸ್ಸಿನಲ್ಲೇ ವಾಪಸು.
ಓಡದೆ ನಿಲ್ಲಬೇಕಾದದ್ದಕ್ಕೆ
ಕುದುರೆ ಅಂತ ಹೆಸರಿಟ್ಟವರು ಯಾರೋ!

ಬಾಡಿ ಸಿಕ್ಕಿದ್ದು ಮೈಸೂರಿನ ಹಲ್ಲಿನ ಡಾಕ್ಟರೊಬ್ಬರಿಂದ.
ಕೈ ನಡುಗುತ್ತದೆ, ಇನ್ನು ಸಾಕು ಅಂದರು.
ಹಲ್ಲು ಕೀಳುವುದನ್ನೂ ಬಿಟ್ಟಿರಾ ಅಂತ
ಕೇಳಲಿಲ್ಲ, ಬೆಲೆ ಇಳಿಸಿದ್ದರು.

ಗಾಳಿಯ ಸಿಲಿಂಡರು ಮಾತ್ರ ಹೊಸದು.
ಅದಕ್ಕೆ ಹತ್ತೇ ವರ್ಷದ ಆಯುಸ್ಸು,
ಕತ್ತಿನ ಮೇಲೆ ತಾರೀಖು ಕೆತ್ತಿದೆ.
ಅದು ಮುಗಿಯುವಾಗ ನನಗೆ ಐವತ್ತೇಳು.

ನಳಿಗೆ ಉದ್ದದ್ದೋ ಗಿಡ್ಡದ್ದೋ?
ಹದಿನೈದು ರಾತ್ರಿ ಇದೇ ಯೋಚನೆ.
ಉದ್ದದ್ದು ಹಾಲು ಕುಡಿಯುವ ಕರುವಿನಂತೆ ಮುಂದಕ್ಕೆ ಜಗ್ಗುತ್ತದೆ,
ಗಿಡ್ಡದ್ದು ಬೇಗ ಏಳುತ್ತದೆ, ಎದ್ದಲ್ಲಿ ನಿಲ್ಲುವುದಿಲ್ಲ.
ಗಿಡ್ಡದ್ದನ್ನೇ ಕೊಂಡೆ, ಮೂತಿಯ ಕೆಳಗೆ
ಹಿತ್ತಾಳೆಯ ಗುಂಡು ಕಟ್ಟಿ ಕೂರಿಸಿದೆ.
ಅವಸರದವರ ಜೊತೆ ನನಗೆ ಅಭ್ಯಾಸವಿದೆ.

ಹಿಡಿ ಮಾತ್ರ ಯಾರ ಅಂಗಡಿಯಲ್ಲೂ ಇಲ್ಲ.
ಬಲಗೈ ಉಂಗುರದ ಬೆರಳಿನ ತುದಿಗೆಣ್ಣು
ಹುಣಸೂರಿನ ಲೋಡು ಇಳಿಸಿದ ದಿನ ಬೆಲ್ಟಿಗೆ ಹೋಗಿತ್ತು.
ಜರ್ಮನಿಯ ಹಿಡಿಗೆ ಐದು ಬೆರಳೂ ಪೂರ್ತಿ ಬೇಕು.

ಅಮ್ಮತ್ತಿಯ ಐರಿ ಬೋಪುವಿನ ಕೊಟ್ಟಿಗೆಗೆ ಹೋದೆ.
ಒಡಿಕತ್ತಿಗೆ ಹಿಡಿ ಕೂರಿಸುವವನು,
ನನ್ನ ಕೈಯನ್ನು ಕತ್ತಿಯಂತೆಯೇ ತಿರುಗಿಸಿ ನೋಡಿದ.
ಬೀಟೆ ಭಾರ, ಹಲಸು ಮೆದು ಅಂದ.
ಕಿತ್ತೆಸೆದ ರೊಬಸ್ಟಾ ಬುಡವೊಂದರ ಮೇಲೆ ಕೂತಿದ್ದ,
ಎದ್ದು ಅದನ್ನೇ ಕೊಯ್ದ.
ಇಲ್ಲದ ಗೆಣ್ಣಿನ ಜಾಗಕ್ಕೆ
ಒಂದು ಚಿಟಿಕೆ ಮರ ಹೆಚ್ಚಿಗೆ ಬಿಟ್ಟ,
ಅಲ್ಲಿ ಖಾಲಿ ಇರಬಾರದು, ಅಕ್ಕ.

ಕಕ್ಕಡ ಕಳೆಯುವ ವಾರ ಎಲ್ಲ ಜೋಡಿಸಿ
ಸ್ಯಾಂಪಲ್ ರೂಮಿನ ಪುಟ್ಟ ತಕ್ಕಡಿಯ ಮೇಲಿಟ್ಟೆವು.
ಒಂದೂವರೆ ಕಿಲೋ ಮೀರಬಾರದು, ಮೀರಿತ್ತು.
ಹನ್ನೆರಡು ಗ್ರಾಂ.
ಚೀಲದ ಲೆಕ್ಕದಲ್ಲಿ ಅದು ಧೂಳು.
ಬರೆಯಲಿಕ್ಕೂ ಪೆನ್ನು ಎತ್ತುವುದಿಲ್ಲ.

ಗುರಿಕಣ್ಣು ಮುಟ್ಟುವಂತಿಲ್ಲ.
ಹಿತ್ತಾಳೆ ತೆಗೆದರೆ ಮೂತಿ ಮುಗಿಲು ನೋಡುತ್ತದೆ.
ಅಂಗೈ ಕೂರುವ ಮೆಟ್ಟಿಲಿನಿಂದ ಬೋಪು
ಉಸಿರು ಬಿಗಿಹಿಡಿದು ಏಳು ಗ್ರಾಂ ಕೆರೆದ.
ಆಮೇಲೆ ಉಳಿಯನ್ನು ಕೆಳಗಿಟ್ಟ.

ಇನ್ನೈದು.
ಬೆರಳಿಗೆಂದು ಬಿಟ್ಟೆಯಲ್ಲ, ಅದನ್ನು ತೆಗೆ ಅಂದೆ.
ಇಲ್ಲದ್ದನ್ನು ಇನ್ನೆಷ್ಟು ದಿನ ತೂಗುವುದು.
ಅವನು ನನ್ನ ಮುಖ ನೋಡಲಿಲ್ಲ, ಮರವನ್ನು ನೋಡಿದ.
ಪುಡಿ ಅವನ ಮೊಣಕಾಲ ಮೇಲೆ ಬಿತ್ತು,
ಹುರಿಯದ ಬೀಜದ ವಾಸನೆ.
ಈಗ ಪ್ರತಿ ಸಲ ಹಿಡಿದಾಗಲೂ
ಆ ಹಳ್ಳ ಸಿಗುತ್ತದೆ ಮೊದಲು,
ಸಿಕ್ಕಿದರೆ ಕೈ ಸರಿಯಾಗಿ ಕೂತಿದೆ ಅಂತ ಅರ್ಥ.

ಕೈಲ್‌ಪೊಳ್ದಿನ ದಿನ ನಡುಬಾಡೆಯಲ್ಲಿ
ಎರಡು ನಳಿಗೆಯ ತೋಕಿನ ಪಕ್ಕ ಇದನ್ನೂ ಇಟ್ಟೆ.
ತೋಕ್ ಪೂವಿನ ದೇಟು ಒಳಗೆ ಹೋಗಲಿಲ್ಲ,
ಬಾಯಿ ನಾಲ್ಕೂವರೆ ಮಿಲಿಮೀಟರು.
ಅವ್ವ ಒಂದೇ ಎಸಳು ಕಿತ್ತು ಮೇಲಿಟ್ಟಳು.

ಅವ್ವ ಒಂದು ಕಾಲದಲ್ಲಿ ಯಾರದೋ ತೋಕು ಕೇಳಿ ಇಸಕೊಂಡು
ಮರದ ತುದಿಯ ತೆಂಗಿನಕಾಯಿ ಒಡೆದವಳು,
ವಾರವಿಡೀ ಭುಜ ನೀಲಿಯಾಗಿತ್ತಂತೆ.
ಪೂಜೆ ಮುಗಿದ ಮೇಲೆ ಎತ್ತಿಕೊಂಡಳು,
ಅಂಗಳದ ಬೇಲಿಗೆ ಗುರಿಯಿಟ್ಟು ಒತ್ತಿದಳು.
ಟಪ್ ಅಂತ ಒಂದು ಸದ್ದು, ಬಟಾಣಿ ಸಿಡಿದಷ್ಟು.

ಭುಜ ಸವರಿಕೊಂಡಳು, ಕೈ ನೋಡಿಕೊಂಡಳು.
ಇದು ಒದೆಯುವುದೇ ಇಲ್ಲವಲ್ಲ ಮಗಳೇ,
ಹೊಡೆದದ್ದು ಹೇಗೆ ಗೊತ್ತಾಗುತ್ತದೆ?